ಎಲ್ಲಾ ಊಟವೂ ಸಾಕ್ಷಿ ಹೇಳಬೇಕಾಗಿಲ್ಲ

ಸ್ವಲ್ಪ ಉದ್ದ ಬರೆದಿದ್ದೇನೆ. ಪುರುಸೊತ್ತಿದ್ದಾಗ ಓದಿ, ಆದ್ರೆ ಪೂರ್ತಿ ಓದಿ.

ಜೂನ್ ಒಂದರಿಂದ ನಮ್ಮ ಅಡುಗೆ ಪೇಜಿನಲ್ಲಿ ಏನೂ ಬಂದಿಲ್ಲ. "ಅಕ್ಕ, ಹುಷಾರಿದ್ದೀರಾ?" ಅಂತ ಕೇಳಿದವರಿದ್ದಾರೆ. ಅವರಿಗೆ ಥ್ಯಾಂಕ್ಸ್. "ಯಾರಾದ್ರೂ ಹೆದರಿಸಿದ್ರಾ?" ಅಂತ ಕೇಳಿದವರಿದ್ದಾರೆ. "ಬೇಕಾದ ಹೊತ್ತಲ್ಲೇ ಸುಮ್ಮನಾದ್ರಲ್ಲ" ಅಂತ ಬೇಜಾರು ಮಾಡಿಕೊಂಡವರೂ ಇದ್ದಾರೆ, ಅವರಲ್ಲಿ ಹೆಚ್ಚಿನವರು ನಮ್ಮ ಸಂಘಟನೆಗಳವರೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡೋದಕ್ಕಿಂತ ಇಲ್ಲೇ ಬರೆದುಬಿಡ್ತೇನೆ. ಹುಷಾರಿದ್ದೇನೆ. ಯಾರೂ ಹೊಸದಾಗಿ ಹೆದರಿಸಿಲ್ಲ. ಪೇಜನ್ನು ನಾವೇ ಕೂತು ಮಾತಾಡಿ ನಿಲ್ಲಿಸಿದ್ದು. ಯಾಕೆ ಅನ್ನೋದು ನನ್ನೊಬ್ಬಳ ವಿಷಯ ಆಗಿದ್ರೆ ಬರೀತಿರಲಿಲ್ಲ. ನಮ್ಮಲ್ಲಿ ಹಾಡುವವರು, ಬರೆಯುವವರು, ಕೋರ್ಟು ಕಚೇರಿ ಅಂತ ಓಡಾಡುವವರು, ಹಾಸ್ಟೆಲ್ ಮಕ್ಕಳ ಸಮಸ್ಯೆಗೆ ರಾತ್ರಿ ಫೋನ್ ಎತ್ತುವವರು, ಎಲ್ಲರಿಗೂ ಇದೇ ಸಂಗತಿ ಬೇರೆ ಬೇರೆ ರೂಪದಲ್ಲಿ ಬರ್ತಾ ಇದೆ.

ಹೊಸಬರಿಗೆ ಹೇಳ್ತೇನೆ. ನಾಲ್ಕು ವರ್ಷದ ಹಿಂದೆ ಈ ಪೇಜ್ ಶುರು ಮಾಡಿದ್ದು ಬ್ರಹ್ಮಾವರ, ಕುಂದಾಪುರ, ಬೈಂದೂರು ಭಾಗದ ನಮ್ಮ ಕೇರಿಗಳ ಅಡುಗೆ ದಾಖಲಾಗಲಿ ಅಂತ. ಕುಂದಾಪುರ ಅಂದ ಕೂಡ್ಲೇ ಜಗತ್ತಿಗೆ ಗೊತ್ತಿರೋದು ಕೋಳಿ ಸಾರು, ನೀರ್ ದೋಸೆ, ಗೀ ರೋಸ್ಟ್. ಅದು ಒಳ್ಳೆಯ ಊಟ, ನಂಗೂ ಇಷ್ಟ. ಆದ್ರೆ ಅದೇ ಊರಿನ ಹಿಂದಿನ ಓಣಿಯಲ್ಲಿ ಒಣ ಚಟ್ಲಿ ಹುರಿದು ಮಾಡಿದ ಚಟ್ನಿ, ಕುಚ್ಚಲಕ್ಕಿ ಗಂಜಿ, ಹಲಸಿನ ಬೀಜ ಹಾಕಿದ ಚಗಟೆ ಸೊಪ್ಪಿನ ಪಲ್ಯ, ಕೋಳಿಯ ತಲೆ ಕಾಲು ಕರುಳು ಬಿಡದೆ ಮಾಡಿದ ಸಾರು, ಹೊಳೆಯ ಚಿಪ್ಪು, ಗದ್ದೆಯ ಏಡಿ, ಇವಕ್ಕೆ ಯಾವ ಹೋಟೆಲಿನ ಬೋರ್ಡಿನಲ್ಲೂ ಹೆಸರಿಲ್ಲ. ನಾವು ಮೂರು ಜನ ಹೆಂಗಸರು. ನಾನು ಅಡುಗೆ ಕೇಳೋದು, ಬರೆಯೋದು. ಬೈಂದೂರು ಕಡೆಯ ತಂಗಿಯೊಬ್ಬಳು ವಿಡಿಯೋ ಎಡಿಟ್ ಮಾಡೋದು. ಇನ್ನೊಬ್ಬ ಅಕ್ಕ ಮನೆಮನೆಗೆ ಕರ್ಕೊಂಡು ಹೋಗೋದು, ಯಾಕೆಂದ್ರೆ ಅವರು ಹೇಳಿದ್ರೆ ಮಾತ್ರ ಬಾಗಿಲು ತೆಗೆಯುವ ಮನೆಗಳಿವೆ.

ಮೂವರಿಗೂ ಬೇರೆ ಕೆಲಸ ಇದೆ. ಬ್ರಹ್ಮಾವರದಿಂದ ಬೈಂದೂರಿಗೆ ಹೆದ್ದಾರಿ 66ರಲ್ಲಿ ಐವತ್ತು ಕಿಲೋಮೀಟರಿಗೂ ಹೆಚ್ಚು. ತೊಂಬತ್ತು ಸೆಕೆಂಡಿನ ವಿಡಿಯೋಕ್ಕೆ ಒಂದು ಭಾನುವಾರ ಪೂರ್ತಿ ಹೋಗ್ತದೆ. ಅದೇ ಭಾನುವಾರ ಸಂಘಟನೆಯ ಮೀಟಿಂಗ್, ಅದೇ ಭಾನುವಾರ ಬಟ್ಟೆ ಒಗೆಯೋದು, ಅದೇ ಭಾನುವಾರ ಮಕ್ಕಳ ಹೋಂವರ್ಕ್.

ಅಡುಗೆ ವಿಡಿಯೋ ಮಾಡುವವರಿಗೆ "ಬರ್ನ್‌ಔಟ್ ಆಗದ ಹಾಗೆ ಹೇಗೆ ನೋಡಿಕೊಳ್ಳೋದು" ಅಂತ ಹೇಳಿಕೊಡುವವರು ಬೇಕಾದಷ್ಟಿದ್ದಾರೆ. ಒಂದೇ ದಿನ ನಾಲ್ಕು ವಿಡಿಯೋ ಶೂಟ್ ಮಾಡಿಟ್ಟುಕೊಳ್ಳಿ. ಕ್ಯಾಲೆಂಡರ್ ಮಾಡಿ. ನೋಟಿಫಿಕೇಶನ್ ಆಫ್ ಮಾಡಿ. ಲೈಕ್ ಎಣಿಸಬೇಡಿ. ವಾರಕ್ಕೊಂದು ದಿನ ಫೋನ್ ಮುಟ್ಟಬೇಡಿ. ಇದರಲ್ಲಿ ಯಾವುದೂ ಸುಳ್ಳಲ್ಲ, ಕೆಲವು ನಮಗೂ ಉಪಯೋಗಕ್ಕೆ ಬಂದಿವೆ. ಆದ್ರೆ ಆ ಸಲಹೆಗಳೆಲ್ಲ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡು ಹೊರಡ್ತವೆ: ಅಡುಗೆ ಅಂದ್ರೆ ಸಂತೋಷ, ಹೆಚ್ಚಾದಾಗ ಮಾತ್ರ ಆಯಾಸ. ನಮ್ಮ ಆಯಾಸದ ಲೆಕ್ಕ ಬೇರೆ.

ಗೀ ರೋಸ್ಟ್ ವಿಡಿಯೋ ಕೆಳಗೆ ಜನ ಕೇಳೋದು "ತುಪ್ಪ ಎಷ್ಟು? ಮೆಣಸು ಯಾವುದು?" ನಮ್ಮ ವಿಡಿಯೋ ಕೆಳಗೆ ಕೇಳೋದು ಬೇರೆ. "ಇದು ಯಾವ ಜಾತಿಯವರ ಅಡುಗೆ?" "ಇದನ್ನ ನಾವೂ ತಿಂತೇವೆ, ಇದ್ರಲ್ಲಿ ಜಾತಿ ಯಾಕೆ ತರ್ತೀರಿ?" "ಹಾಳೆಯಲ್ಲಿ ಗಂಜಿ ಕೊಡ್ತಿದ್ರು ಅಂತ ಬರ್ದಿದ್ದೀರಲ್ಲ, ಪ್ರೂಫ್ ಎಲ್ಲಿದೆ?" ಆ ಕೊನೆಯ ಪ್ರಶ್ನೆ ಕೇಳಿದವನಿಗೆ ಇಪ್ಪತ್ತೈದು ವರ್ಷ ಇರಬಹುದು. ನನ್ನ ಅಬ್ಬಿ ನಟ್ಟಿ ಮುಗಿಸಿ ಕೆಸರು ಕಾಲಲ್ಲೇ ಒಡೇರ ಅಂಗಳದ ಹೊರಗೆ ಕೂತು ಅಡಿಕೆ ಹಾಳೆಯಲ್ಲಿ ಗಂಜಿ ಉಂಡವಳು. ಪ್ರೂಫ್ ಅಂದ್ರೆ ಅವಳೇ. ಅವಳನ್ನು ಕ್ಯಾಮೆರಾ ಮುಂದೆ ಕೂರಿಸಿ "ಹೇಳು ಅಬ್ಬಿ, ಇವರಿಗೆ ಹೇಳು" ಅನ್ನಬೇಕಾ? ಎಷ್ಟು ಸಲ?

ಇಲ್ಲಿದೆ ನೋಡಿ ನಮ್ಮ ಸುಸ್ತಿನ ಬೇರು. ನಮ್ಮ ಪೇಜಿನಲ್ಲಿ ಊಟಕ್ಕೆ ಊಟದ ಕೆಲಸ ಮಾತ್ರ ಇಲ್ಲ. ದಿನಾ ಕಟಕಟೆ ಹತ್ತಿ ಸಾಕ್ಷಿ ಹೇಳುವ ಕೆಲಸವೂ ಇದೆ.

ಈ ಸಾಕ್ಷಿ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ನಮ್ಮ ಕರಾವಳಿಯಲ್ಲಿ ಜಾತಿ ಅನ್ನೋದು ಅನ್ನದ ಮೂಲಕವೇ ಕೆಲಸ ಮಾಡಿದೆ. ಕೊರಗ ಸಮುದಾಯದವರಿಗೆ ಕೂದಲು, ಉಗುರು ಬೆರೆಸಿದ ಅನ್ನ ತಿನ್ನಿಸಿ, ತಮ್ಮ ಮನೆಯ ಕೇಡು ಅವರಿಗೆ ದಾಟ್ತದೆ ಅಂತ ನಂಬಿದ ಊರು ಇದು. ಅದನ್ನು ನಿಲ್ಲಿಸ್ಲಿಕ್ಕೆ ಅಜಲು ಪದ್ಧತಿ ನಿಷೇಧದ ಕಾನೂನು ಬಂದದ್ದು 2000ನೇ ಇಸವಿಯಲ್ಲಿ. ಎಲ್ಲರ ಅಡುಗೆಮನೆಯ ಬುಟ್ಟಿ, ಹೆಡಿಗೆ, ಗೆರಸೆ ಹೆಣೆದು ಕೊಟ್ಟವರು ಅವರು. ಆ ಅಡುಗೆಮನೆಗಳ ಒಳಗೆ ಕಾಲಿಡ್ಲಿಕ್ಕೆ ಮಾತ್ರ ಅವರಿಗೆ ಆಗ್ತಿರಲಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆ ತೆರೆದು ನೋಡಿ. ಮೂರನೇ ಸೆಕ್ಷನ್ನಿನಲ್ಲಿ ಅಪರಾಧಗಳ ಪಟ್ಟಿ ಇದೆಯಲ್ಲ, ಅದರ ಮೊಟ್ಟಮೊದಲನೆಯದೇ ಪರಿಶಿಷ್ಟ ಜಾತಿ, ಪಂಗಡದವರಿಗೆ ತಿನ್ನಬಾರದ್ದನ್ನು ಒತ್ತಾಯದಿಂದ ತಿನ್ನಿಸೋದು, ಕುಡಿಸೋದು. ಹೊಡೆತಕ್ಕೂ ಮೊದಲು, ಭೂಮಿ ಕಿತ್ತುಕೊಳ್ಳೋದಕ್ಕೂ ಮೊದಲು ಕಾನೂನು ಬರೆದವರಿಗೆ ನೆನಪಾದದ್ದು ಬಾಯಿಗೆ ತುರುಕಿದ್ದು.

2016ರ ಆಗಸ್ಟಿನಲ್ಲಿ ಬ್ರಹ್ಮಾವರ ಭಾಗದ ಕೆಂಜೂರಿನ ಯುವಕನನ್ನು ಕರು ಸಾಗಿಸ್ತಿದ್ದಾನೆ ಅಂತ ಹೊಡೆದು ಕೊಂದರು. ಅದೇ ಅಕ್ಟೋಬರಿನಲ್ಲಿ ಬೆಂಗಳೂರಿನಿಂದ ಹೊರಟ ಉಡುಪಿ ಚಲೋ ಜಾಥಾ 9ನೇ ತಾರೀಕು ಉಡುಪಿಗೆ ಬಂದು ಸೇರಿತು. ಆಹಾರ ನಮ್ಮ ಆಯ್ಕೆ, ಭೂಮಿ ನಮ್ಮ ಹಕ್ಕು ಅನ್ನೋದು ಅದರ ಘೋಷಣೆ. ಆ ದಿನ ಅಲ್ಲಿ ಇದ್ದವರಲ್ಲಿ ನಾನೂ ಒಬ್ಬಳು. ಈ ಪೇಜಿನ ಬೀಜ ಬಿದ್ದದ್ದು ಅಲ್ಲೇ. ಹಾಗಾಗಿ ಊಟದ ರಾಜಕೀಯ ಬಿಡಿ ಅಂತ ಯಾರಾದ್ರೂ ಹೇಳಿದ್ರೆ ನನ್ನಿಂದ ಆಗೋದಲ್ಲ.

ಆದ್ರೆ ಅದನ್ನು ಹೊರುವವರು ಯಾರು, ಎಷ್ಟು ಹೊತ್ತು, ಯಾರ ಖರ್ಚಿನಲ್ಲಿ? ಇದನ್ನು ಕೇಳ್ಲೇಬೇಕು.

ರಾಜ್ಯದಲ್ಲಿ ಊಟದ ಬಗ್ಗೆ ಒಂದು ಗಲಾಟೆ ಎದ್ದ ಕೂಡಲೇ ನನ್ನ ಫೋನ್ ಬಿಸಿ ಆಗ್ತದೆ. ಶಾಲೆಯ ಮೊಟ್ಟೆ ಗಲಾಟೆ ಆಯ್ತು, ಹದಿನೈದು ಜನ ಟ್ಯಾಗ್ ಮಾಡಿದ್ರು. ಗೋಹತ್ಯೆ ನಿಷೇಧದ 2020ರ ಕಾಯ್ದೆ ಬಂದಾಗ ನಮ್ಮ ಪೇಜೇ ಇರಲಿಲ್ಲ, ಆದ್ರೂ ಈಗಲೂ ಅದರ ಬಗ್ಗೆ "ಗಟ್ಟಿಯಾಗಿ ಒಂದು ಹಾಕಿ" ಅಂತ ಕೇಳ್ತಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ ಬಾಡೂಟ ಬೇಕು ಅಂತ ಚಳವಳಿ ನಡೀತು, ಕೊನೆಯ ದಿನ ಊಟದಲ್ಲಿ ಮೊಟ್ಟೆ ಬಂತು. ನಂಗೂ ಖುಷಿ ಆಯ್ತು. ಆ ಮೂರು ದಿನ ನಾನು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ಕಮೆಂಟಿಗೆ ಉತ್ತರ ಬರೀತಿದ್ದೆ. ಉತ್ತರ ಕೊಡದಿದ್ರೆ "ಅಕ್ಕ ಎಲ್ಲಿ?" ಅನ್ನುವವರು ನಮ್ಮವರೇ. ಕೊಟ್ಟರೆ ಕಿತ್ತಾಡ್ಲಿಕ್ಕೆ ಬರುವವರು ಬೇರೆಯವರು.

ಇನ್ನೊಂದು ಹೇಳ್ಬೇಕು. ಕುಂದಾಪುರ ಪೇಟೆಯ ಫ್ಲ್ಯಾಟೊಂದರಲ್ಲಿ ಮನೆಗೆಲಸ ಮಾಡ್ತಿದ್ದ ಹೆಂಗಸೊಬ್ಬರು ತಾವೇ ಇಷ್ಟಪಟ್ಟು ನಮ್ಮ ವಿಡಿಯೋಕ್ಕೆ ಒಣಮೀನು ಚಟ್ನಿ ಮಾಡಿ ತೋರಿಸಿದ್ರು. ಚಂದ ನಗ್ತಾ, ಅವರ ಅತ್ತೆ ಹೇಗೆ ಕಲಿಸಿದ್ರು ಅಂತ ಹೇಳ್ತಾ. ಅವರ ಜಾತಿ ಯಾವುದು ಅಂತ ಆ ಫ್ಲ್ಯಾಟಿನವರಿಗೆ ಅಲ್ಲಿವರೆಗೆ ಗೊತ್ತಿರಲಿಲ್ಲ. ವಿಡಿಯೋ ನೋಡಿ ಗೊತ್ತಾಯ್ತು. ಮರುವಾರ "ನಾಳೆಯಿಂದ ಬರೋದು ಬೇಡ, ಬೇರೆಯವರನ್ನ ನೋಡಿಕೊಂಡಿದ್ದೇವೆ" ಅಂದ್ರು. ಮೀನಿನ ಬಗ್ಗೆ ಒಂದು ಮಾತಿಲ್ಲ, ಜಾತಿಯ ಬಗ್ಗೆ ಒಂದು ಮಾತಿಲ್ಲ. ಯಾವ ಸ್ಟೇಶನ್ನಿನಲ್ಲಿ ಏನಂತ ಕಂಪ್ಲೇಂಟ್ ಕೊಡೋದು? ಅವರಿಗೆ ಬೇರೆ ಕೆಲಸ ಸಿಗ್ಲಿಕ್ಕೆ ಎರಡು ತಿಂಗಳು ಬೇಕಾಯ್ತು. ಆ ವಿಡಿಯೋಗೆ "ಪವರ್‌ಫುಲ್" ಅಂತ ಕಮೆಂಟ್ ಹಾಕಿದವರಿಗೆ ಇದು ಗೊತ್ತಿಲ್ಲ. ಗೊತ್ತಾಗಲಿ ಅಂತ ಬರೆದೆ.

ಬರ್ನ್‌ಔಟ್ ಅನ್ನೋ ಮಾತು ದೊಡ್ಡ ಸಂಬಳದವರ, ಏಸಿ ರೂಮಿನವರ ಕಾಯಿಲೆ ಅಂತ ನಮ್ಮಲ್ಲಿ ಕೆಲವರು ನಗ್ತಾರೆ. ಆ ಮಾತಿನ ಕತೆ ಕೇಳಿ. ಅದನ್ನು ಹೀಗೆ ಬಳಸಿ 1974ರಲ್ಲಿ ಲೇಖನ ಬರೆದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ. ಹಗಲು ತನ್ನ ಕೆಲಸ ಮುಗಿಸಿ ಸಂಜೆ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡೀತಿದ್ದ. ಅಲ್ಲಿ ಅವನ ಜೊತೆ ಇದ್ದವರು ಸಂಬಳ ಇಲ್ಲದ ಸ್ವಯಂಸೇವಕರು. ಅವರು ಒಬ್ಬೊಬ್ಬರಾಗಿ ಬತ್ತಿ ಹೋಗೋದನ್ನು ನೋಡಿ, ತಾನೂ ಹಾಗೇ ಆಗೋದನ್ನು ನೋಡಿ ಬರೆದದ್ದು ಅದು. ಅಂದ್ರೆ ಈ ಮಾತು ಹುಟ್ಟಿದ್ದೇ ನಮ್ಮಂಥವರ ನಡುವೆ: ಹಗಲು ಹೊಟ್ಟೆಪಾಡು, ಸಂಜೆ ಸಮಾಜ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ತನ್ನ ಪಟ್ಟಿಯಲ್ಲಿ ವಿವರಿಸಿತು. ರೋಗ ಅಂತ ಕರೆಯಲಿಲ್ಲ, ಕೆಲಸದಿಂದ ಬರುವ ಸ್ಥಿತಿ ಅಂತ ಹೇಳಿತು. ಮೂರು ಲಕ್ಷಣ: ಶಕ್ತಿ ಪೂರಾ ಸೋರಿಹೋಗೋದು, ಕೆಲಸದಿಂದ ಮನಸ್ಸು ದೂರ ಸರಿದು ಎಲ್ಲದರ ಮೇಲೂ ಕಹಿ ಹುಟ್ಟೋದು, ಮಾಡಿದ್ದರಿಂದ ಏನೂ ಆಗ್ತಿಲ್ಲ ಅಂತ ಅನ್ನಿಸೋದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ತಳ ಹಿಡಿಯೋದು. ಒಲೆ ಮೇಲೆ ಸಾರು ಕುದೀತಾ ಇರ್ತದೆ, ಮೇಲಿಂದ ನೋಡಿದ್ರೆ ಏನೂ ಆಗಿಲ್ಲ. ಸೀದ ವಾಸನೆ ಬರುವ ಹೊತ್ತಿಗೆ ಪಾತ್ರೆಯ ಅಡಿ ಕರಿಕಲಾಗಿರ್ತದೆ.

ಆ ವಾಸನೆ ನಮ್ಮ ಮನೆಯಲ್ಲಿ ಮೊದಲು ಹಿಡಿದದ್ದು ನನ್ನ ಮಗಳು. ಹತ್ತು ವರ್ಷ ಅವಳಿಗೆ. ಬಂಗ್ಡೆ ಕಾಯಿಸಿ ಬಟ್ಟಲಿಗೆ ಹಾಕಿದ್ರೆ ಕೈ ಹಾಕದೆ ಕೂತು ಕೇಳ್ತಾಳೆ: "ಅಮ್ಮ, ಇದ್ ತಿಂಬುಕಾ, ಫೋಟೋಕಾ?" ತಮಾಷೆ ಮಾಡಿ ಕೇಳಿದ್ದಲ್ಲ. ಹಸಿವಾಗಿತ್ತು, ಗೊತ್ತಾಗಬೇಕಿತ್ತು, ಅಷ್ಟೇ.

ಎರಡನೆಯದು ಅಬ್ಬಿ. ಆಸಾಡಿ ಬಂತು ಅಂದ್ರೆ ಈಗ ಎಲ್ಲಾ ಕಡೆ ಆಸಾಡಿ ಊಟದ ಸಂಭ್ರಮ. ಆಸಾಡಿ ಅಮಾಸಿಗೆ ಕುಂದಾಪ್ರ ಕನ್ನಡ ದಿನ. ನಮ್ಮ ಭಾಷೆಗೊಂದು ದಿನ ಇದೆ ಅನ್ನೋದು ನಂಗೆ ಹೆಮ್ಮೆಯೇ. ಅವತ್ತು ಕೆಸುವಿನ ಪತ್ರೊಡೆ, ಚಗಟೆ ಸೊಪ್ಪು, ಕಳಲೆ, ಉಪ್ಪುಸೊಳೆ ಎಲ್ಲಾ ಬಾಳೆಎಲೆ ಮೇಲೆ ಸಾಲಾಗಿ ಕೂತು ಫೋಟೋಗೆ ನಿಲ್ತವೆ. ನಮ್ಮ ಮನೆಯಲ್ಲಿ ಆಸಾಡಿ ಅಂದ್ರೆ ಅಕ್ಕಿ ಮುಗಿಯುವ ತಿಂಗಳು. ನಟ್ಟಿ ಮುಗೀತು, ಕೂಲಿ ನಿಂತಿತು, ಹೊಸ ಭತ್ತಕ್ಕೆ ಇನ್ನೂ ತಿಂಗಳುಗಳಿವೆ, ಮಳೆ ಬಿಡೋದಿಲ್ಲ, ಕಡಲಿಗೆ ದೋಣಿ ಇಳಿಯೋದಿಲ್ಲ. ಬೇಲಿ ಬದಿಯಲ್ಲಿ ತನ್ನಷ್ಟಕ್ಕೇ ಹುಟ್ಟುವ ಚಗಟೆಗೆ ಯಾರ ಅಪ್ಪಣೆಯೂ ಬೇಡ, ಅದಕ್ಕೇ ಅದನ್ನು ತಿಂದದ್ದು. ಬೇಸಿಗೆಯಲ್ಲಿ ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ ಭರಣಿಯ ಅಡಿಗೆ ಬಂದ ದಿನ ಅಬ್ಬಿಯ ಮುಖ ಹೇಗಿರ್ತಿತ್ತು ಅಂತ ನಂಗೆ ನೆನಪಿದೆ.

ಇದನ್ನೆಲ್ಲ ಬರೆದು ಹಾಕಿದಾಗ ಸಾವಿರಾರು ಜನ ಹಂಚಿಕೊಂಡ್ರು. ಅಬ್ಬಿಗೆ ತೋರಿಸಿದೆ. ಅವಳು ಪೂರ್ತಿ ಕೇಳಿ ಹೇಳಿದ್ದು ಇಷ್ಟು: "ಹಸ್ದಿದ್ದ ಕತಿ ದಿನಾ ಹೇಳುಕೆ ನಿಂಗೆ ಸಾಕ್ ಅನ್ಸುದಿಲ್ಯಾ ಮಗಾ? ಒಂದ್ ದಿನ ಹೊಟ್ಟಿ ತುಂಬಿದ್ ಕತಿಯೂ ಹೇಳ್."

ಅವಳು ಗೇರುಬೀಜ ಫ್ಯಾಕ್ಟರಿಯಲ್ಲಿ ವರ್ಷಗಟ್ಟಲೆ ದುಡಿದವಳು. ಬೀಜದ ಎಣ್ಣೆಗೆ ಬೆರಳು ಕಪ್ಪಾಗಿ ಸುಟ್ಟ ಹಾಗೆ ಆಗ್ತಿತ್ತು. ಆದ್ರೂ ಸಂಬಳದ ದಿನ ಗಂಗೊಳ್ಳಿ ಮೀನು ತಂದು, ಕಾಯಿ ಅರೆದು, ನಾಲ್ಕು ಮನೆಯ ಮಕ್ಕಳನ್ನು ಕೂರಿಸಿ ಬಡಿಸ್ತಿದ್ದಳು. ಅದೂ ನಮ್ಮ ಕೇರಿಯ ಊಟವೇ. ನಾಲ್ಕು ವರ್ಷದ ಪೇಜಿನಲ್ಲಿ ಅದನ್ನು ಯಾರೂ ಕೇಳಿಲ್ಲ. ಕೇಳಿದ್ದೆಲ್ಲ ಹಾಳೆಯ ಗಂಜಿ.

ಮಹಾರಾಷ್ಟ್ರದ ಶಾಹು ಪಾಟೋಳೆ ಅವರು ಮರಾಠವಾಡದ ದಲಿತ ಅಡುಗೆಗಳ ಬಗ್ಗೆ 2015ರಲ್ಲಿ ಮರಾಠಿಯಲ್ಲಿ ಪುಸ್ತಕ ಬರೆದ್ರು. ಅನ್ನ ಪೂರ್ಣಬ್ರಹ್ಮ ಅನ್ನುವ ಮಾತನ್ನು ತಿರುಗಿಸಿ ಅಪೂರ್ಣಬ್ರಹ್ಮ ಅಂತ ಹೆಸರಿಟ್ಟರು. 2024ರಲ್ಲಿ ಅದು ಇಂಗ್ಲಿಷಿಗೆ ಬಂತು. ಅದರಲ್ಲಿ ಜಾತಿಯ ಲೆಕ್ಕವೂ ಇದೆ, ಮಾಡುವ ವಿಧಾನವೂ ಇದೆ. ಪುಣೆ ವಿಶ್ವವಿದ್ಯಾಲಯದ ಮಹಿಳಾ ಅಧ್ಯಯನ ಕೇಂದ್ರದಲ್ಲಿ ಶರ್ಮಿಳಾ ರೇಗೆ ಮತ್ತು ಅವರ ವಿದ್ಯಾರ್ಥಿಗಳು 2009ರಲ್ಲೇ ದಲಿತ ಊಟದ ನೆನಪುಗಳನ್ನು ಒಟ್ಟು ಮಾಡಿದ್ರು. ಅದು ಒಬ್ಬರ ತಲೆ ಮೇಲೆ ಬಿದ್ದ ಕೆಲಸ ಆಗಿರಲಿಲ್ಲ, ಕೂತು ಹಂಚಿಕೊಂಡು ಮಾಡಿದ್ದು. ನಮ್ಮಲ್ಲಿ ಇಂಥ ಕೆಲಸ ಒಬ್ಬಳ ಫೋನಿನ ಮೇಲೆ, ಒಬ್ಬಳ ಭಾನುವಾರದ ಮೇಲೆ ನಿಂತಿದೆ. ಫೋನ್ ಬ್ಯಾಟರಿ ಹೋದ್ರೆ ಚಳವಳಿ ಆಫ್ ಆಗ್ತದೆ ಅಂದ್ರೆ ಅದು ಎಂಥ ಚಳವಳಿ ಮಾರಾಯ್ರೆ?

ಹಾಗಾಗಿ ಮೇ ತಿಂಗಳಲ್ಲಿ ಮೂವರೂ ಕೂತೆವು. ಪೇಜ್ ಮುಚ್ಚುವ ಮಾತೂ ಬಂತು. ಎಡಿಟ್ ಮಾಡುವ ತಂಗಿ "ಮುಚ್ಚಿದ್ರೆ ಅವರು ಗೆದ್ದ ಹಾಗೆ" ಅಂದಳು. ಅಕ್ಕ "ಗೆಲ್ಲೋದು ಸೋಲೋದು ಆಮೇಲೆ, ನಂಗೆ ಸೊಂಟ ನೋವು" ಅಂದ್ರು. ಇಬ್ಬರ ಮಾತೂ ಸರಿ. ಎರಡೂ ಹಿಡಿಯುವ ಹಾಗೆ ಕೆಲವು ತೀರ್ಮಾನ ಮಾಡಿದೆವು. ಬೇರೆ ಕೆಲಸ ಮಾಡುವವರಿಗೂ ಆಗಬಹುದು ಅಂತ ಹಾಕ್ತಿದ್ದೇನೆ.

1. ಮಳೆಗಾಲದಲ್ಲಿ 61 ದಿನ ರಜೆ. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರ ವರೆಗೆ ನಮ್ಮ ಕಡಲಿನಲ್ಲಿ ಯಾಂತ್ರೀಕೃತ ಬೋಟುಗಳಿಗೆ ನಿಷೇಧ. ಗಂಗೊಳ್ಳಿಯಲ್ಲಿ, ಹಂಗಾರಕಟ್ಟೆಯಲ್ಲಿ ಬೋಟುಗಳು ದಡದಲ್ಲಿ ನಿಂತಿರ್ತವೆ, ಬಲೆ ಹೊಲೀತಾರೆ, ಇಂಜಿನ್ ರಿಪೇರಿ ಮಾಡ್ತಾರೆ. ಮೀನು ಮರಿ ಹಾಕಲಿ, ಮುಂದಿನ ವರ್ಷಕ್ಕೂ ಸಿಗಲಿ ಅಂತ. ಯಾರೂ ಬೋಟಿನವರಿಗೆ "ಹೆದರಿ ಕೂತ್ರಾ?" ಅಂತ ಕೇಳೋದಿಲ್ಲ. ಕಡಲಿಗೇ ವರ್ಷಕ್ಕೆ 61 ದಿನ ಬೇಕಾದ್ರೆ ಮೂರು ಹೆಂಗಸರಿಗೆ ಬೇಡ್ವಾ? ಈ ದಿನಗಳಲ್ಲಿ ನಾವೂ ಬಲೆ ಹೊಲೀತೇವೆ: ಹಳೇ ರೆಕಾರ್ಡಿಂಗ್ ಕೇಳೋದು, ಬರೆದಿಡೋದು, ನಿದ್ದೆ ಮಾಡೋದು.

2. ಮೊದಲು ಊಟ, ಆಮೇಲೆ ಫೋನ್. ಶೂಟಿಂಗಿನ ದಿನ ಅಡುಗೆ ಆದ ಕೂಡಲೇ ಮಕ್ಕಳಿಗೆ, ಮುದುಕರಿಗೆ ಬಡಿಸೋದು. ಉಳಿದದ್ದಕ್ಕೆ ಕ್ಯಾಮೆರಾ. ಉಳೀಲಿಲ್ವಾ, ಖಾಲಿ ಪಾತ್ರೆಯ ಫೋಟೋ ಹಾಕ್ತೇವೆ. ಅದಕ್ಕಿಂತ ಒಳ್ಳೆಯ ಸರ್ಟಿಫಿಕೇಟ್ ಅಡುಗೆಗೆ ಬೇರೆ ಇಲ್ಲ.

3. ವಾರಕ್ಕೆ ಒಂದೇ ಪೋಸ್ಟ್. ತಿಂಗಳ ನಾಲ್ಕರಲ್ಲಿ ಎರಡು ಬರೀ ಅಡುಗೆ. ಒಣ ಚಟ್ಲಿಯನ್ನು ಎಣ್ಣೆ ಹಾಕದೆ ಹುರೀರಿ, ತಲೆ ಬಾಲ ತೆಗೀರಿ, ಒಣಮೆಣಸು, ಹುಣಸೆ, ಬೆಳ್ಳುಳ್ಳಿ, ಕಾಯಿ ಹಾಕಿ ತರಿತರಿ ಅರೀರಿ, ಬಿಸಿ ಗಂಜಿಗೆ ಹಚ್ಚಿಕೊಳ್ಳಿ. ಅಷ್ಟೇ. ಇತಿಹಾಸ ಇಲ್ಲ, ನೋವು ಇಲ್ಲ. ಅದೂ ರಾಜಕೀಯವೇ ಅಂತ ನಾನು ತಿಳ್ಕೊಂಡಿದ್ದೇನೆ. ಮೇಲಿನವರ ಅಡುಗೆಗೆ ಬರೀ ರುಚಿಯಾಗಿ ಇರುವ ಹಕ್ಕು ಇರೋದಾದ್ರೆ ನಮ್ಮದಕ್ಕೂ ಇರಬೇಕು.

4. ಕಮೆಂಟು ಸರದಿಯ ಮೇಲೆ. ಪೋಸ್ಟ್ ಬರೆದವಳು ಮೂರು ದಿನ ಕಮೆಂಟ್ ಓದೋದಿಲ್ಲ. ಬೇರೆಯವರು ನೋಡ್ತಾರೆ. ಜಾತಿ ನಿಂದನೆ ಇದ್ರೆ ಸ್ಕ್ರೀನ್‌ಶಾಟ್, ಲಿಂಕ್, ತಾರೀಕು, ಹೊತ್ತು ಬರೆದಿಟ್ಟು ವಕೀಲರಿಗೆ ಕಳಿಸೋದು, ಬೇಕಾದ್ರೆ ಉಡುಪಿಯ ಸೆನ್ ಠಾಣೆಗೆ ದೂರು ಕೊಡೋದು ಅವರ ಕೆಲಸ. ಆನ್‌ಲೈನಿನಲ್ಲಿ ಮಾಡಿದ ಜಾತಿ ನಿಂದನೆಗೂ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸ್ತದೆ ಅಂತ ಕೇರಳ ಹೈಕೋರ್ಟ್ 2022ರಲ್ಲಿ ಹೇಳಿದೆ. ಆದ್ರೆ ಬೈಗಳನ್ನು ಬೈಸಿಕೊಂಡವಳೇ ಕೂತು ಜೋಡಿಸಿ ಫೈಲ್ ಮಾಡಬೇಕು ಅಂತ ಯಾವ ಕಾನೂನಿನಲ್ಲೂ ಇಲ್ಲ.

5. ಮುಖ, ಹೆಸರು, ಕೇರಿ. ಅಡುಗೆ ಮಾಡುವವರ ಜೊತೆ ಮೊದಲು ಕೆಲಸದ ಬಗ್ಗೆ, ಬಾಡಿಗೆ ಮನೆಯ ಬಗ್ಗೆ ಮಾತಾಡ್ತೇವೆ. ಕೈ ಮಾತ್ರ ತೋರಿಸಿದ್ರೆ ಸಾಕು ಅಂದ್ರೆ ಕೈ ಮಾತ್ರ. ಆ ಫ್ಲ್ಯಾಟಿನವರು ಮಾಡಿದ ಅನ್ಯಾಯಕ್ಕೆ ಜವಾಬ್ದಾರರು ಆ ಫ್ಲ್ಯಾಟಿನವರೇ. ಆದ್ರೆ ಅದರ ಬಿಸಿ ತಾಗೋದು ಆ ಹೆಂಗಸಿಗೆ, ಹಾಗಾಗಿ ಎಷ್ಟು ಕಾಣಿಸಿಕೊಳ್ಳಬೇಕು ಅನ್ನೋದು ಅವರದೇ ತೀರ್ಮಾನ. ಕೊರಗ ಸಮುದಾಯದ ಊಟದ ಕತೆಯನ್ನು ನಾವು ಹೇಳೋದಿಲ್ಲ. ಆ ಸಮುದಾಯದ ಹುಡುಗ ಹುಡುಗಿಯರು ಓದಿದ್ದಾರೆ, ಬರೀತಾರೆ. ಅವರು ಹೇಳಬೇಕು ಅಂದಾಗ ಪೇಜ್ ಅವರ ಕೈಗೆ ಕೊಡ್ತೇವೆ.

6. ದುಡ್ಡು. ಅಡುಗೆ ಮಾಡುವವರಿಗೆ ಒಂದು ದಿನದ ಕೂಲಿ ಮತ್ತು ಸಾಮಾನಿನ ಖರ್ಚು. ಎಡಿಟಿಂಗಿಗೆ, ಬಸ್ಸಿಗೆ, ಪೆಟ್ರೋಲಿಗೆ ಲೆಕ್ಕ ಇಟ್ಟು ಕೊಡೋದು. ಅಷ್ಟು ದುಡ್ಡು ಆ ತಿಂಗಳು ಸೇರದಿದ್ರೆ ಆ ತಿಂಗಳು ವಿಡಿಯೋ ಇಲ್ಲ. ಬಿಟ್ಟಿ ದುಡಿಮೆಯ ವಿರುದ್ಧ ಭಾಷಣ ಮಾಡಿ ನಮ್ಮ ಹೆಂಗಸರ ಹತ್ರ ಬಿಟ್ಟಿ ಮಾಡಿಸೋದು ಬೇಡ.

7. ಪೇಜಿಗೆ ಹೋಗದ ಊಟ. ಪ್ರತಿ ಮನೆಯಲ್ಲೂ ಒಂದಷ್ಟು ಅಡುಗೆ, ಒಂದಷ್ಟು ಕತೆ ಎಲ್ಲಿಗೂ ಹೋಗೋದಿಲ್ಲ. ಅಬ್ಬಿ ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೀತಿದ್ದೇನೆ. ಅದು ನನ್ನ ಮಗಳಿಗೆ. ದಾಖಲೆ ಅಂದ್ರೆ ಪ್ರದರ್ಶನ ಅಂತ ಯಾರೂ ಹೇಳಿಲ್ಲ.

ಈ ಏಳರಲ್ಲಿ ನಾಲ್ಕು ಮತ್ತು ಆರು ನಮ್ಮ ಮೂವರಿಂದ ಆಗೋದಲ್ಲ. ಇನ್ನು ನಿಮ್ಮ ವಿಷಯಕ್ಕೆ ಬರ್ತೇನೆ.

ಗಲಾಟೆ ಎದ್ದಾಗ ನಮ್ಮನ್ನು ಟ್ಯಾಗ್ ಮಾಡುವ ಬದಲು ನೀವೇ ಬರೀರಿ. ನಿಮ್ಮ ಮನೆಯಲ್ಲೂ ಒಲೆ ಇದೆ, ನಿಮಗೂ ಅಜ್ಜಿ ಇದ್ದರು. ಸಂಘಟನೆಯ ಗಂಡಸರಿಗೆ ವಿಶೇಷವಾಗಿ ಹೇಳೋದು: ಆಹಾರದ ಹಕ್ಕಿನ ಬಗ್ಗೆ ಒಂದು ಗಂಟೆ ಮಾತಾಡುವ ಮೊದಲು ಆ ಸಭೆಯ ಊಟ ಮಾಡಿದವರು ಯಾರು, ಪಾತ್ರೆ ತೊಳೆಯುವವರು ಯಾರು ಅಂತ ಒಂದ್ಸಲ ಕಾಣಿ. ಬೇರೆ ಜಾತಿಯ ಪ್ರಗತಿಪರ ಗೆಳೆಯರಿಗೆ ಹೇಳೋದು: "ನಿಮ್ಮ ಮನೆಗೆ ಊಟಕ್ಕೆ ಬರ್ತೇವೆ, ಲೈವ್ ಮಾಡುವ" ಅನ್ನುವ ಮೆಸೇಜು ದಯವಿಟ್ಟು ಬೇಡ. ಸಹಭೋಜನದಿಂದ ಜಾತಿ ಸಾಯಲಿಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ಜಾತಿ ವಿನಾಶದಲ್ಲಿ ಬರೆದಿದ್ದಾರೆ. ಊಟಕ್ಕೆ ಬನ್ನಿ, ಖಂಡಿತ ಬನ್ನಿ. ಫೋನ್ ಬ್ಯಾಗಿನಲ್ಲಿರಲಿ. ಅದಕ್ಕಿಂತ ಹೆಚ್ಚು ಉಪಕಾರ ಆಗೋದು ನಿಮ್ಮ ಮನೆಯವರ ಕಮೆಂಟಿಗೆ ನೀವೇ ಉತ್ತರ ಕೊಟ್ರೆ. "ಜಾತಿ ಯಾಕೆ ತರ್ತೀರಿ" ಅಂತ ಕೇಳುವವರಲ್ಲಿ ನಿಮ್ಮ ಅಣ್ಣ, ಭಾವ, ಕ್ಲಾಸ್‌ಮೇಟು ಎಲ್ಲರೂ ಇದ್ದಾರೆ. ಅವರಿಗೆ ಅರ್ಥ ಮಾಡಿಸುವ ಗುತ್ತಿಗೆ ನಮಗೇ ಯಾಕೆ?

ಮತ್ತೆ, ನಮ್ಮ ನಡುವೆ ಯಾರಾದ್ರೂ "ಸ್ವಲ್ಪ ದಿನ ಆಗೋದಿಲ್ಲ" ಅಂದ್ರೆ ಅವರ ನಿಷ್ಠೆ ಅಳೀಬೇಡಿ. ಸುಮ್ಮನೆ "ಉಂಡಾಯ್ತಾ?" ಅಂತ ಕೇಳಿ. ನಮ್ಮ ಊರಿನಲ್ಲಿ ಮಾತು ಶುರುವಾಗೋದೇ ಹಾಗೆ. ಹೋರಾಟದವರಿಗೆ ಹೋರಾಟದವರು ಆ ಪ್ರಶ್ನೆ ಕೇಳೋದು ಕಡಿಮೆ ಆಗಿದೆ.

ಹುಷಾರಿಲ್ಲದ ಮಟ್ಟಕ್ಕೆ ಹೋದವರು, ನಿದ್ದೆ ಬಾರದವರು, ಏನೂ ಬೇಡ ಅನ್ನಿಸ್ತಿರುವವರು ಇದ್ರೆ ರಜೆಯೊಂದೇ ಸಾಕಾಗೋದಿಲ್ಲ, ಡಾಕ್ಟರ ಹತ್ರ ಹೋಗಿ. ಸರ್ಕಾರದ ಟೆಲಿಮಾನಸ್ ಸಹಾಯವಾಣಿ 14416 ಇದೆ, ಉಚಿತ, ಕನ್ನಡದಲ್ಲೂ ಮಾತಾಡ್ತಾರೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗೆ ಇಳೀತವೆ. ಅದೇ ವಾರ ನಮ್ಮ ಪೇಜೂ ಶುರುವಾಗ್ತದೆ. ಮೊದಲನೆಯ ಪೋಸ್ಟ್ ಅಬ್ಬಿಯ ಸಂಬಳದ ದಿನದ ಮೀನು ಸಾರು. ಅದನ್ನು ಹಾಕಲಿಕ್ಕೆ ಅವಳು ಒಪ್ಪಿದ್ದಾಳೆ, ಒಂದು ಕಂಡೀಷನ್ ಮೇಲೆ: ಯಾರೂ ಅಳುವ ಇಮೋಜಿ ಹಾಕಬಾರದು.

ಕಮೆಂಟಿನಲ್ಲಿ ಹೊಗಳೋದು ಬೇಡ. ಯಾರು ಯಾವ ಕೆಲಸ ಹಿಡ್ಕೊಳ್ತೀರಿ ಅಂತ ಬರೀರಿ. ಕಮೆಂಟ್ ನೋಡುವ ಸರದಿಗೆ ಆರು ಜನ ಬೇಕು, ವಾರಕ್ಕೆ ಒಂದೊಂದು ದಿನ. ಎಡಿಟಿಂಗ್ ಗೊತ್ತಿರುವ ಇನ್ನೊಬ್ಬರು ಬೇಕು. ಕಾಯ್ದೆ ಗೊತ್ತಿರುವ ವಕೀಲರು ಒಬ್ಬರು ಬೇಕು. ಬೈಂದೂರು ಕಡೆ ಒಳಗಿನ ಊರುಗಳಿಗೆ ಕರ್ಕೊಂಡು ಹೋಗ್ಲಿಕ್ಕೆ ಗಾಡಿ ಇರುವವರು ಯಾರಾದ್ರೂ ಇದ್ರೆ ಇನ್ನೂ ಒಳ್ಳೇದು.

ಉಂಡಾಯ್ತಾ ಎಲ್ಲರದ್ದೂ?

ಜೈ ಭೀಮ್.